ಬೆಳಗಿನ ಬಸ್ಸಿಗೆ ಮಕ್ಕಳನ್ನು ಕಳಿಸುವ ಮನೆಗಳಿಗೆ

ಕೆರೆಕಟ್ಟೆ, ನೆಮ್ಮಾರು ಮತ್ತು ಆ ದಾರಿಯುದ್ದಕ್ಕೂ ಕಾಡಿನಂಚಿನ ಒಂಟಿ ಮನೆಗಳಲ್ಲಿರುವ ಅಪ್ಪ ಅಮ್ಮಂದಿರಿಗೆ, ಅಜ್ಜ ಅಜ್ಜಿಯರಿಗೆ,

ನಾನು ಶೃಂಗೇರಿಯಲ್ಲಿ ನಿಮ್ಮ ಮಕ್ಕಳಿಗೆ ಪಾಠ ಹೇಳುವವಳು. ಇದು ಅಂಕದ ವಿಷಯಕ್ಕೋ ಹಾಜರಾತಿಯ ವಿಷಯಕ್ಕೋ ಬರೆದ ಪತ್ರ ಅಲ್ಲ. ಮಕ್ಕಳು ಬೆಳಿಗ್ಗೆ ಏನು ತಿಂದು ಮನೆ ಬಿಡುತ್ತಾರೆ ಅನ್ನುವುದರ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಒಬ್ಬೊಬ್ಬರನ್ನೇ ಕರೆಸಿ ಹೇಳಿದರೆ ತಪ್ಪು ಹುಡುಕಿದ ಹಾಗಾಗುತ್ತದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ ದೂರದಿಂದ ಬರುವ ಮಕ್ಕಳಿಗೆ ಮೊದಲ ಪಿರಿಯಡ್ ಹೇಗೋ ಕಳೆಯುತ್ತದೆ. ಎರಡನೆಯದು ಮುಗಿಯುವಷ್ಟರಲ್ಲಿ ಮುಖ ಬಾಡಿರುತ್ತದೆ. ಹತ್ತೂವರೆ ಹನ್ನೊಂದಕ್ಕೆ ಡೆಸ್ಕಿನ ಮೇಲೆ ತಲೆ ಇಡುವವರು ಸೋಮಾರಿಗಳಲ್ಲ, ಮನೆಯಲ್ಲಿ ಕೊಟ್ಟಿಗೆ ಕೆಲಸ ಮುಗಿಸಿ ಬರುವ ಮಕ್ಕಳು. ಪ್ರಾರ್ಥನೆಗೆ ನಿಂತಲ್ಲೇ ಕಣ್ಣು ಕತ್ತಲೆ ಬಂದು ಕೂರುವುದು ಹೆಚ್ಚಾಗಿ ಹುಡುಗಿಯರು. ಪಕ್ಕಕ್ಕೆ ಕರೆದು ಬೆಳಿಗ್ಗೆ ಏನು ತಿಂದೆ ಅಂತ ಕೇಳಿದರೆ ಬರುವ ಉತ್ತರ ಹೆಚ್ಚು ಬದಲಾಗುವುದಿಲ್ಲ. ‘ಕಾಫಿ ಕುಡಿದೆ ಮೇಡಂ.’ ‘ಕಾಫಿಗೆ ಎರಡು ರಸ್ಕ್ ಅದ್ದಿಕೊಂಡು ತಿಂದೆ.’ ‘ನೀರುದೋಸೆ ಮಾಡಿದ್ರು, ಸಕ್ಕರೆ ಹಾಕ್ಕೊಂಡು ಒಂದು ತಿಂದೆ, ಅಷ್ಟರಲ್ಲಿ ಬಸ್ ಬಂತು.’

ನೀವು ಅಡುಗೆ ಮಾಡುವುದಿಲ್ಲ ಅಂತ ನಾನು ಯಾವತ್ತೂ ಹೇಳಲಾರೆ. ನಮ್ಮ ಕಡೆ ಈಗಲೂ ಬೆಳಿಗ್ಗೆ ಐದಕ್ಕೇ ಒಲೆ ಹೊತ್ತುತ್ತದೆ. ಕಡುಬು, ಅಕ್ಕಿ ರೊಟ್ಟಿ, ನೀರುದೋಸೆ, ಒತ್ತು ಶ್ಯಾವಿಗೆ ಎಲ್ಲವೂ ಮನೆಯಲ್ಲೇ ಆಗುತ್ತವೆ. ಊರಿಗೆ ಊರೇ ಪ್ಯಾಕೆಟ್ಟಿಗೆ ಬಿದ್ದಿರುವ ಕಾಲದಲ್ಲಿ ಇದು ದೊಡ್ಡ ಮಾತು. ಕಡಿಮೆಯಾಗಿರುವುದು ತಿಂಡಿಯ ಪಕ್ಕದಲ್ಲಿ ಇರುತ್ತಿದ್ದದ್ದು. ಕಡುಬಿಗೆ ಹುರುಳಿ ಚಟ್ನಿ, ರೊಟ್ಟಿಗೆ ಸೊಪ್ಪಿನ ಪಲ್ಯ, ದೋಸೆಗೆ ಕಾಳಿನ ಗಸಿ, ಕೊನೆಗೊಂದು ಲೋಟ ಮಜ್ಜಿಗೆ. ಇವು ಒಂದೊಂದಾಗಿ ತಟ್ಟೆಯಿಂದ ಜಾರಿಹೋದವು. ಉಳಿದದ್ದು ಬರೀ ಅಕ್ಕಿ. ಅದರ ಮೇಲೆ ಸಕ್ಕರೆ, ಇಲ್ಲವೇ ಉಪ್ಪಿನಕಾಯಿ ರಸ.

ಇದು ಯಾರ ಉದಾಸೀನದಿಂದಲೂ ಆದದ್ದಲ್ಲ. ಗದ್ದೆ ಇದ್ದಾಗ ಭತ್ತ ಕೊಯ್ದ ಮೇಲೆ ಉಳಿದ ಹಸಿಗೇ ಹುರುಳಿಯೋ ಉದ್ದೋ ಹೆಸರೋ ಚೆಲ್ಲುತ್ತಿದ್ದರು. ಘಟ್ಟದ ಕೆಳಗೆ ಕೆಲವು ಕಡೆ ಇಂದಿಗೂ ಹಾಗೇ ಮಾಡುತ್ತಾರೆ. ಹಂದಿ, ಮಂಗ, ಕಾಡುಕೋಣ ಕಾದು ಕಾದು ಸಾಕಾಗಿ ನಮ್ಮಲ್ಲಿ ಗದ್ದೆ ಬೀಳು ಬಿತ್ತು, ಇಲ್ಲವೇ ತೋಟವಾಯಿತು. ಗದ್ದೆ ಹೋದರೂ ಅಕ್ಕಿ ಹೋಗಲಿಲ್ಲ. ರೇಷನ್ ಅಂಗಡಿಯಿಂದ ಬಂತು. 2013ರ ಜುಲೈಯಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ರೇಷನ್ ಅಕ್ಕಿ ಸಿಗುವ ಯಾವ ಮನೆಯಲ್ಲೂ ಅಕ್ಕಿ ಡಬ್ಬ ಬರಿದಾಗಬೇಕಾಗಿಲ್ಲ. ಅದು ದೊಡ್ಡ ಉಪಕಾರವೇ. ಆದರೆ ಗದ್ದೆಯ ಜೊತೆ ಹೋದ ಕಾಳು ಹಾಗೆ ತಿರುಗಿ ಬರಲಿಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಗಿ, 2001ರಲ್ಲಿ ಅಂತಿಮ ಅಧಿಸೂಚನೆಯೂ ಬಂದ ಮೇಲೆ ದನ ಮೇಯಿಸುವ ಜಾಗ ಕಿರಿದಾಯಿತು, ಕೊಟ್ಟಿಗೆಯಲ್ಲಿ ದನ ಇಳಿದವು, ಮಜ್ಜಿಗೆ ಕಡೆಯುವುದು ನಿಂತಿತು. ಈಗ ಅರ್ಧ ಲೀಟರ್ ಪ್ಯಾಕೆಟ್ ಹಾಲು ಬಂದರೆ ಅದು ಕಾಫಿಗೇ ಸರಿ. ಇದರ ಮೇಲೆ ಅಡಿಕೆಗೆ ಹಳದಿ ಎಲೆ ರೋಗ, ಎಲೆಚುಕ್ಕೆ ರೋಗ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಎಷ್ಟು ಮನೆಗಳಲ್ಲಿ ಕೈಯಲ್ಲಿ ಓಡಾಡುವ ದುಡ್ಡು ಕಡಿಮೆಯಾಗಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ಬಾದಾಮಿ ತಿನ್ನಿಸಿ, ಓಟ್ಸ್ ತನ್ನಿ, ಡಬ್ಬದ ಪೌಡರ್ ಕಲಸಿ ಕೊಡಿ ಅನ್ನುವ ಸಲಹೆ ನನ್ನಿಂದ ಬರುವುದಿಲ್ಲ.

ನಾನು ಕೇಳುವುದು ಒಂದೇ: ಕಾಳನ್ನು ಬೆಳಗಿನ ತಟ್ಟೆಗೆ ವಾಪಸ್ ತನ್ನಿ.

ಲೆಕ್ಕ ನೋಡಿ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಪ್ರೋಟೀನ್ ಏಳೆಂಟು ಗ್ರಾಂ. ಅಷ್ಟೇ ಹುರುಳಿಯಲ್ಲಿ ಸುಮಾರು 22 ಗ್ರಾಂ. ಕಬ್ಬಿಣದ ಅಂಶ ಬಿಳಿ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ, ಹುರುಳಿಯಲ್ಲಿ ಎಂಟಕ್ಕೂ ಮೇಲೆ. ಅಕ್ಕಿಯ ಪ್ರೋಟೀನಿಗೆ ಒಂದು ಕೊರತೆ ಇದೆ, ಕಾಳಿನದಕ್ಕೆ ಬೇರೆಯೇ ಕೊರತೆ. ಎರಡನ್ನೂ ಒಟ್ಟಿಗೆ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೂರು ಪಾಲು ಅಕ್ಕಿಗೆ ಒಂದು ಪಾಲು ಬೇಳೆಕಾಳು ಅಂತ ಆಹಾರ ತಜ್ಞರು ಹೇಳುತ್ತಾರೆ. ಮೂರು ಸೇರು ಅಕ್ಕಿಗೆ ಒಂದು ಸೇರು ಉದ್ದು ಅಂತ ದೋಸೆಗೆ ನೆನೆಹಾಕುತ್ತಿದ್ದ ನಿಮ್ಮ ಅತ್ತೆಯ ಅಳತೆಯೂ ಅದೇ. ಉದ್ದಿನ ಬೆಲೆ ಏರಿದ ಹಾಗೆ ಅದು ನಾಲ್ಕಕ್ಕೊಂದು, ಐದಕ್ಕೊಂದು ಆಗುತ್ತಾ ಬಂದಿದೆ. ನೀರುದೋಸೆಗಂತೂ ಉದ್ದೇ ಬೇಡ. ಮಕ್ಕಳಿಗೆ ಅದು ಇಷ್ಟ ಅಂತ ವಾರಕ್ಕೆ ನಾಲ್ಕು ದಿನ ಅದನ್ನೇ ಮಾಡಿದರೆ ಹೊಟ್ಟೆಗೆ ಹೋಗುವುದು ಹೆಚ್ಚಾಗಿ ಪಿಷ್ಟವೇ. ಹೊಟ್ಟೆ ತುಂಬಿದ ಹಾಗಾಗಿ ಒಂದೆರಡು ಗಂಟೆಯಲ್ಲಿ ಮತ್ತೆ ಹಸಿವು.

2019ರಿಂದ 2021ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಕಂಡಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ಅದರ ಹಿಂದಿನ ಸಮೀಕ್ಷೆಗಿಂತ ಎರಡೂ ಏರಿವೆ. ಪ್ರಾರ್ಥನೆಗೆ ನಿಂತಲ್ಲಿ ಕಣ್ಣು ಕತ್ತಲೆ ಬರುವ ಹುಡುಗಿಯೂ ಈ ಲೆಕ್ಕದಲ್ಲಿ ಇರಬಹುದು. ‘ಈ ವಯಸ್ಸಿನ ಹೆಣ್ಣುಮಕ್ಕಳಿಗೆ ಹಾಗೇ’ ಅಂತ ಸುಮ್ಮನಿರಬೇಡಿ. ಒಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ನೋಡಿಸಿ, ಕಡಿಮೆ ಇದ್ದರೆ ಡಾಕ್ಟರು ಕೊಟ್ಟ ಮಾತ್ರೆ ನುಂಗಿಸಿ. ಚಟ್ನಿ ಮಾತ್ರೆಯ ಬದಲಿಗೆ ಆಗುವುದಿಲ್ಲ. ಮಾತ್ರೆ ಮುಗಿದ ಮೇಲೆ ಮತ್ತೆ ಇಳಿಯದ ಹಾಗೆ ಕಾಯುವುದು ಊಟ, ತಿಂಡಿ.

ಹುರುಳಿ ಅಂದರೆ ಕೆಲವರಿಗೆ ಮನಸ್ಸು ಹಿಂಜರಿಯುತ್ತದೆ. ಎತ್ತಿಗೆ, ಕುದುರೆಗೆ ಬೇಯಿಸಿ ಹಾಕುವ ಕಾಳು ಅಂತ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಅಗೆದಾಗ ಮೂರು ಸಾವಿರ ವರ್ಷಕ್ಕೂ ಹಿಂದಿನ ಸುಟ್ಟ ಹುರುಳಿ ಕಾಳು ಸಿಕ್ಕಿದೆ. ಈ ನೆಲದಲ್ಲಿ ಮನುಷ್ಯರು ಮೊದಮೊದಲಿಗೆ ಬೆಳೆದು ತಿಂದ ಕಾಳುಗಳಲ್ಲಿ ಇದೂ ಒಂದು. ಉಷ್ಣ ಅಂತ ಬೇಸಿಗೆಯಲ್ಲಿ ಬಿಡುವವರು ಬಿಡಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಟ್ಟೆ ಒಣಗದ, ಗೋಡೆ ಬೆವರುವ ನಮ್ಮ ಮಳೆಗಾಲಕ್ಕೆ ಇದಕ್ಕಿಂತ ಹೊಂದುವ ಕಾಳು ಬೇರೆ ಇಲ್ಲ.

ಮಾಡುವ ಬಗೆ ನಿಮಗೆ ಗೊತ್ತಿದ್ದದ್ದೇ. ಆದರೂ ಹೇಳುತ್ತೇನೆ, ಯಾಕೆಂದರೆ ಹೊಸದಾಗಿ ಮದುವೆಯಾಗಿ ಬಂದವರಲ್ಲಿ ಹಲವರು ತಮಗೆ ಗೊತ್ತಿಲ್ಲ ಅಂದರು. ಬಾಣಲೆ ದಪ್ಪ ತಳದ್ದಿರಲಿ, ಉರಿ ಸಣ್ಣದಿರಲಿ. ಕಲ್ಲು ಆರಿಸಿದ ಹುರುಳಿಯನ್ನು ಎಣ್ಣೆ ಹಾಕದೆ ಹುರಿಯಬೇಕು. ಮೊದಲು ಹಸಿ ವಾಸನೆ ಬರುತ್ತದೆ, ಆಮೇಲೆ ಕಾಳು ಒಂದೊಂದೇ ಚಟಚಟ ಅನ್ನುತ್ತದೆ. ಅಷ್ಟಕ್ಕೇ ಇಳಿಸಬಾರದು. ಬಣ್ಣ ಕೆಂಪಿನಿಂದ ಕಂದಿಗೆ ತಿರುಗಿ, ಒಂದು ಕಾಳು ಬಾಯಿಗೆ ಹಾಕಿ ಕಚ್ಚಿದರೆ ಕಟುಂ ಅಂತ ಪುಡಿಯಾಗಬೇಕು. ಒಳಗೆ ಗಟ್ಟಿ ಉಳಿದರೆ ಹೊಟ್ಟೆ ಉಬ್ಬರ, ಮಕ್ಕಳು ಮತ್ತೆ ಮುಟ್ಟುವುದಿಲ್ಲ. ಅದೇ ಬಾಣಲೆಯಲ್ಲಿ ಒಣಮೆಣಸು ಬಾಡಿಸಿ, ನಾಲ್ಕೆಸಳು ಬೆಳ್ಳುಳ್ಳಿ, ಒಂದು ಹಿಡಿ ಕಾಯಿತುರಿ, ವಾಟೆಹುಳಿ ಇದ್ದರೆ ಅದು, ಇಲ್ಲದಿದ್ದರೆ ಹುಣಸೆ, ಉಪ್ಪು ಸೇರಿಸಿ ಸ್ವಲ್ಪವೇ ನೀರು ಹಾಕಿ ತರಿತರಿಯಾಗಿ ರುಬ್ಬಿ. ಬಿಸಿ ಕಡುಬು ಮುರಿದು, ನಡುವೆ ಒಂದು ಚಮಚ ಕೊಬ್ಬರಿ ಎಣ್ಣೆಯೋ ತುಪ್ಪವೋ ಬಿಟ್ಟು, ಇದರ ಜೊತೆ ಕೊಟ್ಟು ನೋಡಿ. ಸಕ್ಕರೆ ಡಬ್ಬದ ಕಡೆ ಮಕ್ಕಳು ಕೈ ಚಾಚುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹುರುಳಿಗೆ ಕಿಲೋಗೆ ನೂರು ರೂಪಾಯಿ ಅಂತಲೇ ಇಟ್ಟುಕೊಳ್ಳಿ. ನಾಲ್ಕು ಜನರ ಮನೆಗೆ ಒಂದು ಹೊತ್ತಿಗೆ ನೂರು ಗ್ರಾಂ ಬೇಕು. ಹತ್ತು ರೂಪಾಯಿ ಆಯಿತು. ಐದು ರೂಪಾಯಿಯ ಎರಡು ಬಿಸ್ಕತ್ ಪೊಟ್ಟಣಕ್ಕೂ ಅಷ್ಟೇ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಮಕ್ಕಳ ಕೈಯಲ್ಲೇ ಓದಿಸಿ. ಯಾವುದು ಹೆಚ್ಚು ಇದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ಕಾನೂನು. ಹೆಚ್ಚಿನವುಗಳಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ ಕಾಣುತ್ತವೆ.

ಒಂದು ಕಾಳು ದಿನವೂ ತಿಂದರೆ ಯಾರಿಗಾದರೂ ಬೇಸರ ಬರುತ್ತದೆ. ಹೆಸರುಕಾಳನ್ನು ರಾತ್ರಿ ನೆನೆಸಿ ನೀರುದೋಸೆಯ ಅಕ್ಕಿಯ ಜೊತೆಗೇ ರುಬ್ಬಬಹುದು. ಕಾಳು ಹೆಚ್ಚಾದರೆ ದೋಸೆ ತೆಳ್ಳಗೆ ಏಳುವುದಿಲ್ಲ ನಿಜ, ಆದರೆ ಒಂದು ಹಿಡಿ ಕಾಳಿಗೆ ಅಷ್ಟೇನೂ ತೊಂದರೆಯಾಗದು. ಕಡುಬಿನ ತರಿಗೆ ನೆನೆಸಿ ತರಿಯಾಗಿ ರುಬ್ಬಿದ ತೊಗರಿಬೇಳೆ, ಕೊಯ್ದ ನುಗ್ಗೆ ಸೊಪ್ಪು ಬೆರೆಸಿ ಹಬೆಯಲ್ಲಿ ಬೇಯಿಸಿದರೆ ಅದು ಪಕ್ಕಕ್ಕೆ ಏನೂ ಇಲ್ಲದಿದ್ದರೂ ನಡೆಯುತ್ತದೆ. ಹಲಸಿನ ಬೀಜಕ್ಕೆ ಕೆಮ್ಮಣ್ಣು ಹಚ್ಚಿ ಬುಟ್ಟಿಯಲ್ಲಿಟ್ಟಿರುವ ಮನೆಗಳು ಇನ್ನೂ ಇದ್ದರೆ, ಆ ಬೀಜ ಬೇಯಿಸಿ ಹಾಕಿದ ಪಲ್ಯ ರೊಟ್ಟಿಗೆ ಚೆನ್ನ. ಮನೆಯಲ್ಲಿ ಮೊಟ್ಟೆ ತಿನ್ನುವವರು ಬೇರೇನೂ ಯೋಚಿಸುವುದು ಬೇಡ. ಒಂದು ಬೇಯಿಸಿದ ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್, ಹಿತ್ತಿಲ ಕೋಳಿಯದಾದರೆ ಖರ್ಚೂ ಇಲ್ಲ. ರಾಗಿ ನಮ್ಮ ಬೆಳೆಯಲ್ಲ, ಅಂಗಡಿಯಿಂದ ತರಬೇಕು. ಸುಣ್ಣದ ಅಂಶಕ್ಕೆ ಅದನ್ನು ಮೀರಿಸುವ ಧಾನ್ಯ ಇಲ್ಲವಾದ್ದರಿಂದ ಬೆಳೆಯುವ ಮಕ್ಕಳಿರುವ ಮನೆಯಲ್ಲಿ ತಿಂಗಳಿಗೆ ಒಂದೆರಡು ಕಿಲೋ ಇರಲಿ ಅನ್ನುತ್ತೇನೆ.

ಪತ್ರೊಡೆಯ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಆಷಾಢದಲ್ಲಿ ಒಂದೆರಡು ಸಲ ಹಬ್ಬದ ಹಾಗೆ ಮಾಡಿ ಬಿಟ್ಟುಬಿಡುತ್ತೇವೆ. ಅದರೊಳಗೆ ಏನೇನು ಹೋಗುತ್ತದೆ ನೋಡಿ: ಅಕ್ಕಿ, ತೊಗರಿ ಅಥವಾ ಹೆಸರುಬೇಳೆ, ಕೆಸುವಿನ ಎಲೆ, ಹುಣಸೆ, ಬೆಲ್ಲ, ಕಾಯಿ. ಧಾನ್ಯ, ಬೇಳೆ, ಸೊಪ್ಪು, ಹುಳಿ ನಾಲ್ಕೂ ಒಂದೇ ಸುರುಳಿಯಲ್ಲಿ ಇವೆ. ಕೆಸುವಿನ ಎಲೆಯಲ್ಲಿ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಗಂಟಲು ತುರಿಸುವುದು ಅದರಿಂದ. ಅದಕ್ಕೇ ಹುಳಿ ಧಾರಾಳ ಹಾಕಿ, ಚೆನ್ನಾಗಿ ಬೇಯಿಸುವುದು. ಹುಳಿಯಿಂದ ಇನ್ನೊಂದು ಉಪಕಾರವಿದೆ. ಸೊಪ್ಪು ಮತ್ತು ಕಾಳಿನ ಕಬ್ಬಿಣ ಮೈಗೆ ಹತ್ತುವುದು ಕಷ್ಟ, ಹುಳಿ ಅದನ್ನು ಸುಲಭ ಮಾಡುತ್ತದೆ. ನಿಂಬೆ, ನೆಲ್ಲಿಯ ಸಿ ಜೀವಸತ್ವ ಇನ್ನೂ ಹೆಚ್ಚು ಮಾಡುತ್ತದೆ. ಒಲೆಯಿಂದ ಇಳಿಸಿದ ಪಲ್ಯಕ್ಕೆ ಅರ್ಧ ನಿಂಬೆ ಹಿಂಡುವುದನ್ನು ರೂಢಿ ಮಾಡಿಕೊಳ್ಳಿ. ಪತ್ರೊಡೆಯನ್ನು ರಾತ್ರಿಯೇ ಬೇಯಿಸಿಟ್ಟುಕೊಂಡರೆ ಬೆಳಿಗ್ಗೆ ಹೆಚ್ಚಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಲು ಹತ್ತು ನಿಮಿಷ ಸಾಕು. ನಿನ್ನೆಯ ಕಡುಬಿಗೂ ಇದೇ ಉಪಾಯ. ಒಗ್ಗರಣೆಯಲ್ಲಿ ಒಂದು ಹಿಡಿ ಬೆಂದ ಕಾಳು ಬೀಳಲಿ.

ಸೊಪ್ಪಿಗೆ ಕಾಡಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಉದ್ಯಾನದ ಒಳಗಿಂದ ತರುವುದಕ್ಕೆ ಕಾನೂನಿನ ತೊಡಕಿದೆ, ಆನೆ ಓಡಾಡುವ ಜಾಗದಲ್ಲಿ ಬೆಳಗ್ಗೆ ಸಂಜೆ ಒಬ್ಬೊಬ್ಬರೇ ತಿರುಗುವ ಕಾಲವೂ ಇದಲ್ಲ. ಬಚ್ಚಲ ನೀರು ಹರಿಯುವಲ್ಲಿ ಕೆಸು, ಒಂದೆಲಗ ತಾವಾಗಿ ಹಬ್ಬುತ್ತವೆ. ಚಪ್ಪರಕ್ಕೆ ಬಸಳೆ, ಬೇಲಿಗೆ ಒಂದು ನುಗ್ಗೆ ಕೊಂಬೆ. ಕುಂಡದಲ್ಲಿ ದೊಡ್ಡಪತ್ರೆ. ಹಿತ್ತಿಲು ಇಷ್ಟು ಕೊಟ್ಟರೆ ಸಾಕು. ಒಂದೆಲಗದ ತಂಬುಳಿಗೆ ಬೇಕಾದ ಒಂದು ಲೋಟ ಮಜ್ಜಿಗೆಯನ್ನು ಪ್ಯಾಕೆಟ್ ಹಾಲಿನಲ್ಲೇ ಸ್ವಲ್ಪ ತೆಗೆದಿಟ್ಟು ಹೆಪ್ಪು ಹಾಕಿ ಮಾಡಿಕೊಳ್ಳಬಹುದು.

ಉದ್ದಿನ ಹಿಟ್ಟು ಜುಲೈಯಲ್ಲಿ ಹುದುಗುವುದೇ ಇಲ್ಲ ಅನ್ನುವುದು ಎಲ್ಲರ ದೂರು. ನೆನೆಹಾಕುವಾಗ ಒಂದು ಚಮಚ ಮೆಂತ್ಯ ಹಾಕಿ, ರುಬ್ಬುವಾಗ ಕೈಗೆ ಬೆಚ್ಚಗೆ ಅನ್ನಿಸುವ ನೀರು ಬಳಸಿ, ಪಾತ್ರೆಯನ್ನು ಬಚ್ಚಲೊಲೆಯ ಬದಿಯಲ್ಲಿ ಗೋಣಿ ಸುತ್ತಿ ಇಡಿ. ಆ ಹುದುಗಿನಿಂದಲೂ ಕಾಳಿನ ಕಬ್ಬಿಣ ಮೈಗೆ ಹತ್ತುವುದು ಸುಲಭವಾಗುತ್ತದೆ. ಮೊಳಕೆ ಬರಿಸಿದರೂ ಹಾಗೇ.

ಕಾಫಿ ಸೀಮೆಯವರಿಗೆ ಕಾಫಿ ಬಿಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಹೊತ್ತು ಬದಲಿಸಿ. 1983ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಊಟದ ಜೊತೆ ಕಾಫಿ ಕುಡಿದವರಿಗೆ ಕಬ್ಬಿಣ ಹೀರುವುದು ಶೇ. 39ರಷ್ಟು ಇಳಿಯಿತು. ಚಹಾ ಕುಡಿದವರಿಗೆ ಶೇ. 64. ಊಟದ ಒಂದು ಗಂಟೆ ನಂತರ ಕಾಫಿ ಕುಡಿದರೂ ತೊಂದರೆ ಅಷ್ಟೇ ಇತ್ತು. ಒಂದು ಗಂಟೆ ಮುಂಚೆ ಕುಡಿದಾಗ ಮಾತ್ರ ಏನೂ ಆಗಲಿಲ್ಲ. ಅಂದರೆ ಎದ್ದ ಕೂಡಲೇ ಕಾಫಿ, ಆಮೇಲೆ ಸ್ನಾನ, ಕೊಟ್ಟಿಗೆ, ಕೆಲಸ, ಅದಾದ ಮೇಲೆ ತಿಂಡಿ ಅನ್ನುವ ನಮ್ಮ ಹಿರಿಯರ ಕ್ರಮ ಒಳ್ಳೆಯದೇ. ಈಗ ನಡೆಯುತ್ತಿರುವುದು ಒಂದು ಕೈಯಲ್ಲಿ ದೋಸೆ, ಇನ್ನೊಂದರಲ್ಲಿ ಲೋಟ. ದೊಡ್ಡವರಿಗೆ ಕಾಫಿಯನ್ನು ಬೆಳಿಗ್ಗೆ ಎದ್ದಾಗಲೇ ಕೊಟ್ಟುಬಿಡಿ. ಮಕ್ಕಳಿಗೆ ಕಾಫಿಗೆ ಹಾಕುವ ಹಾಲನ್ನು ಹಾಲಾಗಿಯೇ ಕೊಡಿ.

ಶಾಲೆಯಲ್ಲಿ ಕೊಡುತ್ತಾರಲ್ಲ ಅಂತ ನೀವು ಕೇಳಬಹುದು. ಕೊಡುತ್ತಾರೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲಿದೆ, 2024ರಿಂದ ವಾರಕ್ಕೆ ಮೂರು ದಿನ ಅದರಲ್ಲಿ ರಾಗಿ ಮಾಲ್ಟ್ ಬೆರೆಯುತ್ತದೆ, ಅದೇ ವರ್ಷದ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು ದಿನ ಮೊಟ್ಟೆ, ಬೇಡ ಅಂದವರಿಗೆ ಬಾಳೆಹಣ್ಣು. ಮಕ್ಕಳು ಇವನ್ನು ತಪ್ಪದೆ ತಿನ್ನಲಿ. ತಮಿಳುನಾಡಿನಲ್ಲಿ 2022ರಿಂದ ಪ್ರಾಥಮಿಕ ಶಾಲೆಯಲ್ಲಿ ಬೆಳಗಿನ ತಿಂಡಿಯನ್ನೇ ಕೊಡುತ್ತಿದ್ದಾರೆ, ನಮ್ಮಲ್ಲೂ ಬರಲಿ ಅಂತ ನಾನು ಬಯಸುತ್ತೇನೆ. ಆದರೆ ಹತ್ತನೇ ತರಗತಿ ದಾಟಿದ ಕೂಡಲೇ ಇದೆಲ್ಲ ನಿಲ್ಲುತ್ತದೆ. ಪಿಯುಸಿಗೆ ಬರುವ ಹದಿನಾರು ಹದಿನೇಳರ ಮಕ್ಕಳಿಗೆ, ಮೈ ಬೆಳೆಯುವ ಹೊತ್ತಿನಲ್ಲೇ, ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ, ಬಿಸಿಯೂಟವೂ ಇಲ್ಲ. ಅವರು ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಘಟ್ಟದ ದಾರಿಯಲ್ಲಿ ಬಸ್ಸಲ್ಲಿ ನಿಂತು ಬರಬೇಕು. ಅವರಿಗೆ ನಿಮ್ಮ ಅಡುಗೆಮನೆಯೊಂದೇ ಆಧಾರ.

ಈ ಕೆಲಸವನ್ನೆಲ್ಲ ಮತ್ತೆ ಅಮ್ಮನ ತಲೆಗೇ ಕಟ್ಟಬೇಡಿ. ಅವಳು ಈಗಾಗಲೇ ಐದಕ್ಕೆ ಎದ್ದಿದ್ದಾಳೆ. ಎಲ್ಲರಿಗೂ ಬಡಿಸಿ ಕೊನೆಗೆ ತಾನು ಉಳಿದದ್ದು ತಿನ್ನುತ್ತಾಳೆ, ಕೆಲವು ದಿನ ಅದೂ ಇಲ್ಲ. ಸಮೀಕ್ಷೆಯ ಆ ಶೇ. 47.8ರಲ್ಲಿ ಅವಳೂ ಇರಬಹುದು. ಹುರುಳಿ ಹುರಿಯಲು ಅರ್ಧ ಗಂಟೆ ಒಲೆಯ ಮುಂದೆ ಕೂರಬೇಕು. ಭಾನುವಾರ ಸಂಜೆ ಅಪ್ಪಂದಿರು ಕೂರಬಹುದು. ಕಾಯಿ ತುರಿಯಲು, ಸೊಪ್ಪು ಬಿಡಿಸಲು ಗಂಡುಮಕ್ಕಳಿಗೂ ಕೈ ಇವೆ. ತರಗತಿಯಲ್ಲಿ ಹುಡುಗರಿಗೆ ನಾನು ಇದನ್ನೇ ಹೇಳುತ್ತೇನೆ. ಮನೆಯಲ್ಲಿ ನೀವೂ ಹೇಳಿ.

ಇನ್ನು, ಬಸ್ಸಿನ ಹೊತ್ತಿಗೆ ತಿಂಡಿ ಇಳಿಯುವುದಿಲ್ಲ ಅನ್ನುವ ಮಕ್ಕಳೂ ಇದ್ದಾರೆ. ಘಟ್ಟದ ತಿರುವಿನಲ್ಲಿ ವಾಂತಿ ಬರುತ್ತದೆ ಅನ್ನುವ ಭಯವೂ ಕೆಲವರಿಗೆ. ಅವರನ್ನು ಬೈದು ತಿನ್ನಿಸುವುದು ಬೇಡ. ಒಂದು ಸಣ್ಣ ಡಬ್ಬಿಯಲ್ಲಿ ಎರಡು ಕಡುಬೋ ಒಂದು ರೊಟ್ಟಿಯೋ ಹಾಕಿ, ಮೇಲೆ ಗಟ್ಟಿ ಚಟ್ನಿ ಇಟ್ಟು ಕೊಡಿ. ತರಗತಿ ಶುರುವಾಗುವ ಮುಂಚೆ ಕೂತು ತಿನ್ನಲಿ. ನನ್ನ ಪಿರಿಯಡ್ ಮೊದಲನೆಯದಾಗಿದ್ದರೆ ಡಬ್ಬಿ ಮುಗಿಯುವವರೆಗೆ ಐದು ನಿಮಿಷ ತಡವಾಗಿ ಶುರುಮಾಡಲು ನಾನು ತಯಾರಿದ್ದೇನೆ.

ಸ್ತ್ರೀಶಕ್ತಿ ಸಂಘಗಳಲ್ಲಿ ಇರುವವರಿಗೆ ಕೊನೆಯದಾಗಿ ಒಂದು ಕೋರಿಕೆ. ವಾರದ ಉಳಿತಾಯದ ಸಭೆಯಲ್ಲಿ ಇದನ್ನು ಒಮ್ಮೆ ಎತ್ತಿ. ಹತ್ತು ಮನೆ ಸೇರಿ ಹುರುಳಿ, ಹೆಸರು ಮೂಟೆಯಲ್ಲಿ ತರಿಸಿದರೆ ಬೆಲೆಯೂ ಇಳಿಯುತ್ತದೆ, ಮಳೆಗಾಲದಲ್ಲಿ ಮರ ಬಿದ್ದು ದಾರಿ ಬಂದಾದಾಗ ಅಂಗಡಿಗೆ ಓಡುವುದೂ ತಪ್ಪುತ್ತದೆ. ಒಬ್ಬರ ಮನೆಯಲ್ಲಿ ದೊಡ್ಡ ಬಾಣಲೆ ಇಟ್ಟು ಒಟ್ಟಿಗೆ ಹುರಿದು, ಪುಡಿ ಮಾಡಿ ಹಂಚಿಕೊಳ್ಳಿ. ಪುಡಿ ಇದ್ದರೆ ಬೆಳಿಗ್ಗೆ ಕಾಯಿ, ಹುಳಿ ಸೇರಿಸಿ ಒಂದು ಸುತ್ತು ತಿರುಗಿಸಿದರೆ ಚಟ್ನಿ ಆಯಿತು. ಕರೆಂಟ್ ಇಲ್ಲದ ದಿನ ಮಜ್ಜಿಗೆಗೆ ಕಲಸಿ ಒಗ್ಗರಣೆ ಕೊಟ್ಟರೂ ನಡೆಯುತ್ತದೆ. ಪುಡಿ ಪೂರ್ತಿ ಆರಿದ ಮೇಲೇ ಡಬ್ಬಕ್ಕೆ ತುಂಬಿ. ಉಪ್ಪನ್ನು ಮಾತ್ರ ಮೊದಲೇ ಬೆರೆಸಬೇಡಿ, ನಮ್ಮ ಥಂಡಿಗೆ ಅದು ನೀರು ಎಳೆದುಕೊಂಡು ಪುಡಿ ಮುಗ್ಗಲು ಹಿಡಿಯುತ್ತದೆ.

ಇಂತಿ,
ನಿಮ್ಮ ಮಕ್ಕಳ ಉಪನ್ಯಾಸಕಿ,
ಶೃಂಗೇರಿ